ಸಲೂನಿನಲ್ಲಿ ಕಸಿ

"ನಿನ್ನ ಕತ್ತಿ ಬೇಕು ಕಣೋ. ಕತ್ತಿ ಜೊತೆ ನೀನೂ ಬೇಕು" ಎನ್ನುತ್ತಾ ಅಕ್ಕ ಸಲೂನಿನೊಳಗೆ ನುಗ್ಗಿದಾಗ, ಅವಳ ತಮ್ಮ ಗಿರಾಕಿಯೊಬ್ಬರ ಎಡಗೆನ್ನೆ ಬೋಳಿಸಿ ಮುಗಿಸಿ ಬಲಗೆನ್ನೆಗೆ ಕೈ ಹಾಕುವುದರಲ್ಲಿದ್ದ. ಅವಳ ಕಂಕುಳಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳ ಕಟ್ಟು. ಬಾಗಿಲಾಚೆ ನಿಂತ ಗಾಡಿಯ ತುಂಬ ಹೊಂಗೆ ಸಸಿಗಳು, ಒಂದೊಂದೂ ಪೆನ್ಸಿಲ್ ದಪ್ಪ.

ಅಕ್ಕನದು ನರ್ಸರಿ. ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುವ ಕಾರ್ಖಾನೆ ಹತ್ತಿರದಲ್ಲೇ ಶುರುವಾದ ಮೇಲೆ ರೈತರು ಸಸಿ ಕೇಳಿಕೊಂಡು ಬರುತ್ತಿದ್ದರು. ಬೀಜದಿಂದ ಬೆಳೆಸಿದ ಸಸಿ ಅಗ್ಗ, ಆದರೆ ಕಾಯಿ ಬಿಡಲು ಆರೇಳು ವರ್ಷ. ಚೆನ್ನಾಗಿ ಕಾಯಿ ಬಿಡುವ ಹೊಂಗೆ ಮರದ ಕಡ್ಡಿ ತಂದು ಆ ಸಸಿಗೇ ಕಸಿ ಕಟ್ಟಿದರೆ ಮೂರನೇ ವರ್ಷಕ್ಕೆ ಫಸಲು. ಆದರೆ ಕಸಿ ಕಟ್ಟುವವನ ಕೂಲಿಯೂ ಸೇರಿದ ಬೆಲೆ ಕೇಳಿದವರು ಬಂದ ದಾರಿ ಹಿಡಿಯುತ್ತಿದ್ದರು. ಇವತ್ತು ಆ ಕಸಿಯವನೂ ಕೈಕೊಟ್ಟಿದ್ದ.

"ಕಡ್ಡಿ ಕಡಿಸಿ ಆದಮೇಲೆ ಫೋನ್ ಮಾಡ್ತಾನೆ, ಬರಲ್ಲ ಅಂತ. ಸಂಜೆಯೊಳಗೆ ಕಟ್ಟದಿದ್ದರೆ ಇಷ್ಟೂ ಒಲೆಗೆ. ಈ ಕಡ್ಡಿ ಕೊಟ್ಟ ಮರದ ಯಜಮಾನ ಕೊಂಬೆ ಮುಟ್ಟೋಕೆ ಬಿಡೋದೇ ವರ್ಷಕ್ಕೊಂದು ಸಲ."

"ನನಗೆ ಕಸಿ ಬರಲ್ಲ ಅಕ್ಕಾ."

"ನುಣ್ಣಗೆ ಸವರೋಕೆ ಬರುತ್ತಲ್ಲ! ಕಡ್ಡಿಯ ತುದಿನ ಎರಡೂ ಕಡೆ ಬೆಣೆ ಹಾಗೆ ಸವರು. ಸಸಿ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಕೂರಿಸಿ ಪಟ್ಟಿ ಸುತ್ತೋದು ನನಗಿರಲಿ."

ತಮ್ಮ ಕುರ್ಚಿಯಲ್ಲಿದ್ದವರ ಮುಖ ನೋಡಿದ. ಅವರು ಊರಿಗೆಲ್ಲ ಮಾವ. ಒಳ್ಳೆಯ ಹೊಲ, ಹೊಲದ ಸುತ್ತ ಖಾಲಿ ಬದು. "ಅರ್ಧ ಮುಖ ಹೊತ್ಕೊಂಡು ನಾನೆಲ್ಲಿಗೆ ಹೋಗಲಯ್ಯಾ?" ಎಂದು ಮಾವ ಗುಡುಗಿದರು.

"ಎಲ್ಲಿಗೂ ಹೋಗ್ಬೇಡಿ ಮಾವ, ಇದನ್ನ ಹಿಡ್ಕೊಳ್ಳಿ" ಎಂದು ಅಕ್ಕ ಪ್ಲಾಸ್ಟಿಕ್ ಪಟ್ಟಿಯ ಸುರುಳಿಯನ್ನು ಅವರ ಮಡಿಲಿಗೆ ಹಾಕಿದಳು.

ತಮ್ಮ ಕತ್ತಿಗೆ ಹೊಸ ಬ್ಲೇಡ್ ಹಾಕಿದ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಸೊಟ್ಟಗಾಯಿತು. ಮೂರನೆಯದು ಸಸಿಯ ಸೀಳಿನೊಳಗೆ ಜಾರಿ, ತೊಗಟೆಗೆ ತೊಗಟೆ ತಾಗಿ ಕೂತಿತು. ಅಕ್ಕ "ಆಹಾ!" ಎಂದ ದನಿಗೆ, ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೆಲ್ಲ ಪೇಪರು ಮಡಚಿಟ್ಟು ಎದ್ದು ಬಂದರು. ಒಬ್ಬ ಕತ್ತರಿ ತೆಗೆದುಕೊಂಡು, "ಸಲೂನಿಗೆ ಬಂದಮೇಲೆ ತಲೆ ಕೊಡಲೇಬೇಕು" ಎಂದು ಸಸಿಗಳ ತಲೆ ಹಾರಿಸತೊಡಗಿದ. ಇನ್ನೊಬ್ಬ ಸೀಳಲು ಕೂತ. ಮಾವ ಪಟ್ಟಿಯನ್ನು ಹಲ್ಲು ಕಚ್ಚಿ ಬಿಗಿಯುತ್ತಿದ್ದರು.

"ಮಾವ, ಅದು ಸಸಿ, ಓಡಿಹೋಗೋ ಕರು ಅಲ್ಲ. ಸ್ವಲ್ಪ ಸಡಿಲ ಬಿಡಿ."

"ನೀನು ಸುಮ್ನಿರಮ್ಮ. ನನ್ನದು ಚಿಗುರದಿದ್ದರೆ ಆಮೇಲೆ ಮಾತಾಡು."

ಹೊಸದಾಗಿ ಬಂದವರು ಬಾಗಿಲಲ್ಲಿ ಇಣುಕಿ, ಅಂಗಡಿ ತಪ್ಪಿತೇನೋ ಎಂದು ಬೋರ್ಡು ನೋಡಿದರು; ಒಳಗೆ ಬಂದವರು ಮಾತ್ರ ಹೊರಗೆ ಹೋಗಲಿಲ್ಲ. ಕೂದಲಿನ ಜೊತೆ ಎಲೆಯೂ ತೊಗಟೆಯೂ ನೆಲದ ತುಂಬ ಬಿದ್ದವು. ಮಾವನ ಬಲಗೆನ್ನೆಯ ನೊರೆ ಒಣಗಿ ಉದುರಿದ್ದು ಅವರಿಗೇ ಗೊತ್ತಾಗಲಿಲ್ಲ. ಬಿಸಿಲಿಳಿಯುವ ಹೊತ್ತಿಗೆ ಗೋಣಿ ಖಾಲಿ.

"ಅವರವರು ಕಟ್ಟಿದ್ದು ಅವರವರೇ ತಗೊಂಡು ಹೋಗಿ" ಎಂದಳು ಅಕ್ಕ. "ಬರೀ ಸಸಿ ದುಡ್ಡು ಕೊಟ್ಟರೆ ಸಾಕು. ನೆರಳಲ್ಲಿಡಿ. ಮುಂದಿನ ಸಲ ನರ್ಸರಿಗೇ ಬನ್ನಿ, ಕಡ್ಡಿ ನಾನು ಕೊಡ್ತೀನಿ."

ಎಲ್ಲರೂ ಹೋದ ಮೇಲೆ ತಮ್ಮ ಕತ್ತಿ ತೊಳೆಯುತ್ತಾ ಕೇಳಿದ: "ಎಲ್ಲರೂ ತಾವೇ ಕಲಿತುಬಿಟ್ಟರೆ ನಿನ್ನ ಕಸಿ ವ್ಯಾಪಾರ ಏನಾಗ್ಬೇಕು ಅಕ್ಕಾ?"

"ಯಾವ ವ್ಯಾಪಾರ? ಇಷ್ಟು ದಿನ ನಾನು ನೋಡಿದ್ದು ವಾಪಸ್ ಹೋಗೋರ ಬೆನ್ನು ಮಾತ್ರ" ಎಂದು ಅವಳು ನಕ್ಕಳು. ಬೆಳಗಿನಿಂದ ಮೊದಲ ಸಲ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು.

ತಿಂಗಳು ತುಂಬುವುದರೊಳಗೆ ಅರ್ಧಕ್ಕರ್ಧ ಕಡ್ಡಿಗಳು ತಾಮ್ರದ ಬಣ್ಣದ ಎಲೆ ಬಿಟ್ಟವು. ಮಾವ ಸಿಕ್ಕ ಸಿಕ್ಕವರನ್ನು ನಿಲ್ಲಿಸಿ ಅದನ್ನೇ ಹೇಳಿದರು. ಬದುವಿನ ಮೇಲೆ ನೆಟ್ಟು, ಹಾದಿಯಲ್ಲಿ ಹೋಗುವವರನ್ನು ಕೈಹಿಡಿದು ಕರೆದೊಯ್ದು ತೋರಿಸಿದರು.

ಮರುವರ್ಷ ಅದೇ ಮರದ ಕಡ್ಡಿ ಕಡಿಸಿದ ದಿನ ಅಕ್ಕ ನರ್ಸರಿಯ ಗೇಟು ತೆಗೆದರೆ, ಎದುರಿಗೆ ಮಾವನ ಹೆಂಡತಿ. ಕೈಯಲ್ಲಿ ತರಕಾರಿ ಹೆಚ್ಚುವ ಚಾಕು. ಹಿಂದೆ ಬೀದಿಯ ಹೆಂಗಸರ ಸಾಲು, ಎಲ್ಲರ ಕೈಯಲ್ಲೂ ಒಂದೊಂದು ಚಾಕು.

"ನಮ್ಮೆಜಮಾನ್ರು ಕಟ್ಟಿದ್ದರಲ್ಲಿ ಅರ್ಧ ಒಣಗಿತು, ಅರ್ಧ ಚಿಗುರಿತು. ಅಷ್ಟಕ್ಕೇ ವರ್ಷಪೂರ್ತಿ ಜಂಬ ಕೇಳಿ ಕೇಳಿ ಸಾಕಾಗಿದೆ" ಎನ್ನುತ್ತಾ ಆಕೆ ಸಸಿಗಳ ನಡುವೆ ಕಾಲು ಮಡಚಿ ಕೂತರು. "ಕಡ್ಡಿ ಎಲ್ಲಮ್ಮಾ? ತಾ ಇಲ್ಲಿ. ನಾಳೆಯಿಂದ ಜಂಬ ನಮ್ಮದು."