ಹಿಂದೆ ಬರುವವರ ಚಿಂತೆ

ಕನ್ನಡಿಯಲ್ಲಿ ಅವಳು ಮತ್ತೊಂದು ಬಾಣ ಕಿತ್ತಳು.

ಕನ್ನಡಕದ ಅಂಗಡಿಯವರು ಪೆಡಲ್ ತುಳಿಯುವುದನ್ನೇ ಮರೆತರು. ಹಿಂದಿನ ರಸ್ತೆ ಕಾಣಲೆಂದು ತಾವೇ ಕನ್ನಡಕದ ಕಾಲಿಗೆ ಸಿಕ್ಕಿಸಿಕೊಂಡಿದ್ದ, ಕೋಟಿನ ಗುಂಡಿಯಷ್ಟಗಲದ ಕನ್ನಡಿ ಅದು. ಸುಳ್ಳು ಹೇಳುವ ಜಾತಿಯದಲ್ಲ. ಹಳದಿ ಜಾಕೆಟ್ಟಿನ ಹೆಂಗಸು ಸೈಕಲ್ ನಿಲ್ಲಿಸಿದಳು, ತಿರುವಿನ ಕಂಬಕ್ಕೆ ಕಟ್ಟಿದ್ದ ಕಿತ್ತಳೆ ಬಾಣದ ದಾರ ಕತ್ತರಿಸಿದಳು, ಬಾಣವನ್ನು ಬೆನ್ನಚೀಲಕ್ಕೆ ತುರುಕಿದಳು. ಮಧ್ಯಾಹ್ನದಿಂದ ಇದು ಐದನೆಯದು.

ಎರಡು ದಿನದ ಸೈಕಲ್ ಸ್ಪರ್ಧೆ, ಮುನ್ನೂರು ಕಿಲೋಮೀಟರು, ನಡುವೆ ಮೂರು ಬೆಟ್ಟಸಾಲು. ಮರವೂ ಇಲ್ಲದ, ಮೊಬೈಲಿಗೆ ಸಿಗ್ನಲ್ಲೂ ಇಲ್ಲದ ಈ ಬೋಳು ಬೆಟ್ಟಗಳಲ್ಲಿ ನಲವತ್ತು ಸವಾರರಿಗೂ ಆ ಬಾಣಗಳೇ ಗತಿ. ಅವನ್ನು ಕಿತ್ತರೆ ಹಿಂದೆ ಬರುವವರು ಯಾವ ಪಾತಾಳಕ್ಕೆ ಇಳಿಯುತ್ತಾರೋ!

ಹಿಂದೆ ಮೂವರಿದ್ದರು. ಎರಡನೆಯ ಏರಿನಲ್ಲಿ ರಸ್ತೆ ಬದಿ ಚಕ್ರ ಬಿಚ್ಚಿಕೊಂಡು ಕುಳಿತಿದ್ದರು. ಅವರನ್ನು ದಾಟುವಾಗ ಇವರು "ಸಹಾಯ ಬೇಕಾ?" ಎಂದು ಕೇಳಿದ್ದರು, 'ಬೇಡ ಅನ್ನಪ್ಪ ದೇವರೇ' ಎಂಬ ದನಿಯಲ್ಲಿ. ಅವರು ಬೇಡ ಅಂದರು. ಒಬ್ಬನ ಸೋಡಾಬುಡ್ಡಿ ಕನ್ನಡಕದ ಎಡಗಾಲು ಸಡಿಲವಾಗಿತ್ತು. ವೃತ್ತಿಯವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೆ? ಈ ಹಳದಿ ಜಾಕೆಟ್ಟು ಕನ್ನಡಿಯಲ್ಲಿ ಕಾಣಿಸಿಕೊಂಡದ್ದು ಅದಾಗಿ ಒಂದು ಗಂಟೆಗೆ.

ಆ ಮೂವರೇ ಇವರ ಮಾನ ಕಾಯುವವರು. ಯಾಕೆಂದರೆ ಊರಲ್ಲಿ ಭಾವಮೈದುನ ಪಂದ್ಯ ಕಟ್ಟಿ ಕೂತಿದ್ದ.

"ಭಾವ, ಗುರಿ ಮುಟ್ಟಿದವರಲ್ಲಿ ನೀವೇ ಕೊನೆಯವರಾದ್ರೆ ಸೈಕಲ್ ನಂಗೆ. ಅರ್ಧಕ್ಕೆ ಬಿಟ್ಟವರು ಲೆಕ್ಕಕ್ಕಿಲ್ಲ. ನೀವೇ ಅರ್ಧಕ್ಕೆ ಬಿಟ್ರೂ ನಂಗೇ." ಆಮೇಲೆ ಮೂಗು ಹಿಡಿದುಕೊಂಡು ರೈಲ್ವೆ ಸ್ಟೇಷನ್ನಿನ ದನಿ ತೆಗೆದಿದ್ದ: "ಪ್ರಯಾಣಿಕರ ಗಮನಕ್ಕೆ! ಭಾವನವರ ಸೈಕಲ್ಲು ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ. ಅಡಚಣೆಗಾಗಿ ಅಕ್ಕ ವಿಷಾದಿಸುತ್ತಾಳೆ." ಅಕ್ಕನೆಂಬ ಹೆಂಡತಿ ವಿಷಾದಿಸುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಐವತ್ತನಾಲ್ಕನೆಯ ವಯಸ್ಸಿಗೆ ಒಲಿದ ಸೈಕಲ್ಲು. ದಿನಾ ಬೆಳಿಗ್ಗೆ ಲೆನ್ಸ್ ಒರೆಸುವ ಬಟ್ಟೆಯಿಂದಲೇ ಅದನ್ನು ಒರೆಸುತ್ತಿದ್ದರು. ಅದರ ಮೇಲೆ ಭಾವಮೈದುನನ ಆ ದೇಹ ಕೂರುವುದೆ?

ಹಾಗಾಗಿ ಇವರು ಬಾಯಿ ಬಿಡಲಿಲ್ಲ. ದಾರಿ ತಪ್ಪಿದವರು ತಡವಾಗಿ ಬರುತ್ತಾರೆ, ತಡವಾಗಿ ಬಂದವರು ಕೊನೆಯವರಾಗುತ್ತಾರೆ. ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ ಬರಬೇಕೆಂದು ಕಾನೂನಿದೆಯೆ?

ಆದರೂ ಆ ಹೆಂಗಸಿನ ಮೇಲೆ ಒಂದು ಕಣ್ಣಿಟ್ಟರು. ಇವರು ನಿಂತರೆ ಅವಳೂ ನಿಲ್ಲುತ್ತಿದ್ದಳು. ಇವರು ಬಂಡೆಯ ಮರೆಗೆ ಹೋಗಿ ಬಂದರೆ ಅವಳು ಆಕಾಶ ನೋಡುತ್ತಾ ಕಾಯುತ್ತಿದ್ದಳು.

"ಮುಂದೆ ಹೋಗಮ್ಮಾ," ಅಂದರು ಒಮ್ಮೆ.

"ಅಯ್ಯೋ, ನೀವು ಹೋಗಿ ಅಂಕಲ್. ನಂಗೇನೂ ಅವಸರ ಇಲ್ಲ."

ಘಾಟಿ ಹೆಂಗಸು! ಕೊನೆಯ ಹತ್ತು ಮಾರಿನಲ್ಲಿ ನುಗ್ಗುವ ಹುನ್ನಾರ. ಇವರು ಇನ್ನಷ್ಟು ಜೋರಾಗಿ ತುಳಿದರು. ಮಾಡಿನ ಮೇಲೆ ಮೂರು ಸೈಕಲ್ ಕಟ್ಟಿಕೊಂಡಿದ್ದ ವ್ಯಾನೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಯಾರೋ ಪ್ರವಾಸಕ್ಕೆ ಹೊರಟ ಪುಣ್ಯವಂತರು ಎಂದು ನಿಟ್ಟುಸಿರು ಬಿಟ್ಟರು.

ಕೊನೆಯ ತಪಾಸಣೆ ಕೇಂದ್ರದಲ್ಲಿ ಮುದ್ರೆ ಒತ್ತುವಾಕೆ ಇವರ ಕಾರ್ಡಿಗೆ ಮುದ್ರೆ ಒತ್ತಿ, ಉಳಿದಿದ್ದ ಬಾಳೆಹಣ್ಣಿನ ಚಿಪ್ಪನ್ನೇ ಎತ್ತಿಕೊಟ್ಟಳು.

"ಎಲ್ಲಾ ತಗೊಳ್ಳಿ ಸಾರ್."

"ಹಿಂದೆ ಬರೋರಿಗೆ?"

ಆಕೆ ಹಿಂದೆಯೇ ಬಂದು ನಿಂತಿದ್ದ ಹಳದಿ ಜಾಕೆಟ್ಟಿನವಳ ಮುಖ ನೋಡಿದಳು. ಇಬ್ಬರೂ ನಕ್ಕರು. ಕನ್ನಡಕದವರು ಚಿಪ್ಪು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಇವರಿಬ್ಬರೂ ಒಂದೇ ಗುಂಪು!

ಬಾಳೆಹಣ್ಣನ್ನು ಹಾಗೇ ಚೀಲಕ್ಕೆ ಹಾಕಿ ಸೈಕಲ್ ಹತ್ತಿದರು. ಅಲ್ಲಿಂದ ಮುಂದೆ ಮೋಡ ಬೆಟ್ಟದಿಂದ ಕೆಳಗಿಳಿಯತೊಡಗಿತು. ಗಾಳಿ ಕಿವಿ ಕಚ್ಚಿತು. ಆ ಸೋಡಾಬುಡ್ಡಿಯವನು ನೆನಪಾದ. ಕಾಲು ಸಡಿಲವಾದ ಕನ್ನಡಕ ಮೂಗಿನಿಂದ ಜಾರಿದರೆ ಮುಗಿಯಿತು, ಈ ಮಂಜಿನಲ್ಲಿ ಅವನಿಗೆ ತನ್ನ ಕೈಯೇ ಕಾಣದು. ಸ್ಕ್ರೂ ಬಿಗಿ ಮಾಡುವ ಪುಟ್ಟ ತಿರುಪುಳಿ ಇವರ ಜೇಬಿನಲ್ಲೇ ಇತ್ತು. ಅರ್ಧ ನಿಮಿಷದ ಕೆಲಸ. ಅದನ್ನೂ ಮಾಡದೆ ಬಂದಿದ್ದರು.

ಗುರಿಗೆ ಮೂರೇ ಕಿಲೋಮೀಟರು ಉಳಿದಾಗ ಕವಲು ಬಂತು. ಎಡಕ್ಕೆ ಹೋದರೆ ಗುರಿ, ಬಲಕ್ಕೆ ಹೋದರೆ ಕಲ್ಲು ಕುಸಿದು ಅರ್ಧಕ್ಕೇ ನಿಂತ ಹಳೆಯ ರಸ್ತೆ. ಎಡಕ್ಕೆ ತಿರುಗಿದ ಇವರು ಕನ್ನಡಿ ನೋಡಿದರು. ಕವಲಿನ ಬಾಣಕ್ಕೆ ಅವಳ ಕೈ ಏಳುತ್ತಿತ್ತು.

ಬ್ರೇಕು ಕಿರುಚಿತು. ಸೈಕಲ್ಲನ್ನು ರಸ್ತೆಯಲ್ಲೇ ಕೆಡವಿ, ಮೀನಖಂಡ ಮರಗಟ್ಟಿದ ಕಾಲುಗಳಲ್ಲಿ ಬಾತುಕೋಳಿಯಂತೆ ಓಡಿ, ಕಂಬಕ್ಕೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತರು.

"ಮುಟ್ಟಿದ್ರೆ ನೋಡು! ಮಧ್ಯಾಹ್ನದಿಂದ ನೋಡ್ತಾ ಇದ್ದೀನಿ. ಗೆಲ್ಲೋ ಆಸೆಗೆ ಜನರ ಪ್ರಾಣ ತೆಗೀತಿಯೇನಮ್ಮಾ?"

ಅವಳ ಕೈಯಲ್ಲಿದ್ದ ಕತ್ತರಿ ಗಾಳಿಯಲ್ಲೇ ನಿಂತಿತು. "ಅಂಕಲ್, ಗಡುವಿಗೆ ಇನ್ನು ಇಪ್ಪತ್ತೇ ನಿಮಿಷ ಇದೆ. ನೀವು ಹೊರಡಿ."

"ಹೊರಡಲ್ಲ! ಇಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ದದ್ದು ನನ್ನದೇ ತಪ್ಪು. ಹಿಂದೆ ಮೂರು ಜನ ಬರ್ತಾ ಇದ್ದಾರೆ. ಒಬ್ಬನಿಗೆ ಕಣ್ಣೂ ಸರಿಯಾಗಿ ಕಾಣಲ್ಲ." ರಸ್ತೆಯಲ್ಲಿ ಬಿದ್ದಿದ್ದ ಸೈಕಲ್ಲನ್ನು ಕೊನೆಯ ಸಲ ಎಂಬಂತೆ ನೋಡಿದರು. "ಸೈಕಲ್ ಹೋದ್ರೆ ಹೋಗ್ಲಿ. ಮೊದಲು ಅವರು ದಾಟಲಿ. ಅವರೆಲ್ಲ ಹೋದ ಮೇಲೆ ನಾನೇ ಎಲ್ಲರಿಗಿಂತ ಕೊನೆಯವನಾಗಿ ಬರ್ತೀನಿ!"

ಹಳದಿ ಜಾಕೆಟ್ಟಿನವಳು ಅವರ ಸೈಕಲ್ಲನ್ನು ಎತ್ತಿ, ಸೀಟಿನ ಧೂಳು ಒರೆಸಿ, ಮೆಲ್ಲಗೆ ಅವರ ಮುಂದೆ ತಂದು ನಿಲ್ಲಿಸಿದಳು.

"ಅದಕ್ಕೆ ಕಾಯೋದೇ ಬೇಡ ಅಂಕಲ್. ಆ ಮೂವರೂ ಮಧ್ಯಾಹ್ನವೇ ಕೈಬಿಟ್ಟು ನಮ್ಮ ವ್ಯಾನ್ ಹತ್ತಿದ್ರು. ಕೊನೆಯವರು ದಾಟಿದ ಮೇಲೆ ಬಾಣ ಬಿಚ್ಚಿಕೊಂಡು ಅವರ ಬೆನ್ನಹಿಂದೇನೇ ಬರೋದು ನನ್ನ ಡ್ಯೂಟಿ."