ಮೂರನೆಯ ತುಂಡು

ಗುಜರಿಯಿಂದ ತಂದ ಗೇರ್‌ಬಾಕ್ಸಿನ ಮೇಲ್ಮುಚ್ಚಳ ತೆಗೆದ ಮೆಕ್ಯಾನಿಕ್, ಹಲ್ಲುನೋವು ಬಂದವನಂತೆ ಮುಖ ಕಿವುಚಿದ. ಹಲ್ಲುಗಳೇನೋ ಗಟ್ಟಿಯಾಗಿಯೇ ಇದ್ದವು, ಗೇರಿನವೂ, ಅವನವೂ. ನೋವಾದದ್ದು ಒಳಗಿನ ಮೂರು ಬೋಲ್ಟುಗಳಿಗೆ ಕಟ್ಟಿದ್ದ ತಂತಿ ಕಂಡು. ಅದುರಾಟಕ್ಕೆ ಬೋಲ್ಟು ಸಡಿಲವಾಗದಿರಲೆಂದು ಅದರ ತಲೆಯ ತೂತಿಗೆ ತಂತಿ ಪೋಣಿಸಿ, ಹುರಿ ಮಾಡಿ ಕಟ್ಟುವುದು ಎಲ್ಲರೂ ಮಾಡುವ ಕೆಲಸವೇ. ಆದರೆ ಈ ಹುರಿ ಎಡಕ್ಕೆ ತಿರುಗಿತ್ತು. ಊರಿನಲ್ಲಿ ಎಡಗೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿಯುವವನು ಒಬ್ಬನೇ: ರಸ್ತೆಯಾಚೆ ವರ್ಕ್‌ಶಾಪ್ ಇಟ್ಟಿದ್ದ ಅವನ ಸ್ವಂತ ತಮ್ಮ.

ಪಕ್ಕದಲ್ಲಿ ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದ ಹೆಂಡತಿ ಬಗ್ಗಿ ನೋಡಿದಳು. “ಇದು ನಮ್ಮ ಮೈದುನನ ಕೈ ಅಲ್ವೇನ್ರೀ? ಯಾವ ಕಾಲದಲ್ಲಿ ಯಾರ ಟ್ರ್ಯಾಕ್ಟರಿಗೆ ಕಟ್ಟಿದ್ದೋ. ಎಷ್ಟು ಚೆನ್ನಾಗಿ ಜಡೆ ಹಾಕಿದಾನೆ ನೋಡಿ.”

“ಜಡೆ ಹಾಕೋನು ಬ್ಯೂಟಿ ಪಾರ್ಲರ್ ಇಡಬೇಕಿತ್ತು.”

“ಕೈಯೇ ಹಚ್ಚೋ ಹಾಗಿಲ್ಲ. ಹಾಗೇ ಕೂರಿಸಿಬಿಡಿ. ನಾಲ್ಕಕ್ಕೆ ನರ್ಸರಿಯಮ್ಮ ಬರ್ತಾರೆ.”

ಸಸಿ ಬೆಳೆಸಿ ಮಾರುವ ನರ್ಸರಿಯಮ್ಮನ ಹಳೆಯ ಟ್ರ್ಯಾಕ್ಟರು ಶೆಡ್ಡಿನ ನಡುವೆ ಸೊಂಟದಲ್ಲಿ ಎರಡಾಗಿ ನಿಂತಿತ್ತು. ಎಂಜಿನ್ ಈಚೆ ಮರದ ದಿಮ್ಮಿಯ ಮೇಲೆ, ಹಿಂದಿನ ದೊಡ್ಡ ಚಕ್ರಗಳು ಆಚೆ ಜಾಕಿನ ಮೇಲೆ, ಸವೆದ ಗೇರ್‌ಬಾಕ್ಸ್ ಇದ್ದ ನಡುವಿನ ಜಾಗ ಖಾಲಿ. ಇವತ್ತು ಆಗದಿದ್ದರೆ ಎದುರು ಶೆಡ್ಡಿಗೇ ಎಳೆಸಿಕೊಂಡು ಹೋಗುತ್ತೇನೆಂದು ಆಕೆ ನಿನ್ನೆ ನಗುನಗುತ್ತಲೇ ಹೇಳಿಹೋಗಿದ್ದಳು. ಅದು ನೆನಪಾಗಿ ಮೆಕ್ಯಾನಿಕ್ ಕತ್ತನ್ನು ಎಡಕ್ಕೆ ವಾಲಿಸಿ, ಮೂಗಿನಲ್ಲಿ ರಾಗ ಎಳೆದ: “ಆಗತ್ತೆ ಬಿಡಿಮ್ಮಾ... ಅವಸರ ಯಾಕಮ್ಮಾ... ಚೆನ್ನಾಗಿ ಮಾಡೋಣ ಬಿಡಿಮ್ಮಾ...” ತಮ್ಮನೇ ಬಂದು ನಿಂತಂತಿತ್ತು. ಹೆಂಡತಿ ಕಿಸಕ್ಕೆಂದಳು. ಆ ನಗುವಿನಲ್ಲಿ ಗಂಡನ ಪಾಲೆಷ್ಟು, ಮೈದುನನ ಪಾಲೆಷ್ಟು ಎಂದು ಅವನಿಗೆ ಅನುಮಾನ ಬಂತು. ಕಟಿಂಗ್ ಪ್ಲೇಯರ್ ಎತ್ತಿಕೊಂಡವನೇ ಮೂರೂ ತಂತಿಗಳನ್ನು ಕಟ್ ಕಟ್ ಕಟ್ ಎಂದು ಕತ್ತರಿಸಿದ.

“ಇದೇನ್ರೀ ಇದು? ಗಟ್ಟಿಯಾಗೇ ಇತ್ತಲ್ಲ.”

“ನನ್ನ ಕೆಲಸದ ಒಳಗೆ ಅವನ ಸಹಿ ಬೇಡ.”

“ಅಲ್ಲಿ ಯಾರು ಇಣುಕಿ ನೋಡ್ತಾರೆ?”

“ನಾನು ನೋಡಿದ್ನಲ್ಲ.”

ಹೊಸ ತಂತಿ ಪೋಣಿಸಿ, ಬಲಕ್ಕೆ ಹುರಿ ತಿರುಗಿಸಿ, ಕೊನೆಯ ಬಾಲವನ್ನು ಪುಟ್ಟ ಉಂಗುರದ ಹಾಗೆ ಸುತ್ತಿ ಮಡಿಸಿದ. ಈ ಉಂಗುರ ಅವನೊಬ್ಬನದೇ. ಬಿಚ್ಚುವವನ ಬೆರಳಿಗೆ ಚುಚ್ಚಬಾರದೆಂದು ಮಾಡುವುದು ಎನ್ನುತ್ತಿದ್ದ. “ನಿಮ್ಮದು ಸಹಿ ಅಲ್ಲ, ಸೀಲು,” ಎಂದ ಹೆಂಡತಿ ಕತ್ತರಿಸಿದ ಹಳೆಯ ತುಂಡುಗಳನ್ನು ತಟ್ಟೆಗೆ ಹಾಕಿಕೊಳ್ಳಲು ಕೈಚಾಚಿದಳು. ಒಂದು. ಎರಡು. ಮೂರನೆಯದು ಇರಲಿಲ್ಲ.

ಟಾರ್ಚ್ ಬಿಟ್ಟರು. ಡೀಸೆಲ್ ಸುರಿದು ಬಸಿದರು. ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಗೇರುಗಳ ಸಂದಿಯಲ್ಲೆಲ್ಲ ತಡವಿದರು. ತುಂಡು ಪಾತಾಳ ಸೇರಿತ್ತು. ಗಂಟೆ ಎರಡೂವರೆ ದಾಟಿತು.

“ಹೊರಗೆಲ್ಲೋ ಹಾರಿರುತ್ತೆ. ಮುಚ್ಚಿಬಿಡೋಣ,” ಎಂದ ಮೆಕ್ಯಾನಿಕ್, ಅವಳ ಮುಖ ನೋಡದೆ.

ಹೆಂಡತಿ ಮುಚ್ಚಳವನ್ನು ಮಡಿಲಿಗೆ ಎಳೆದುಕೊಂಡು ಕೂತಳು. “ಅದು ಹಲ್ಲಿಗೆ ಸಿಕ್ಕಿದರೆ ಈ ಗೇರ್‌ಬಾಕ್ಸೂ ಹೋಯ್ತು. ಆಮೇಲೆ ಅದನ್ನ ಬಿಚ್ಚೋನು ಯಾರು ಹೇಳಿ?”

ಬಿಚ್ಚುವವನು ಯಾರೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕತ್ತು ಎಡಕ್ಕೆ ವಾಲಿಸಿ, ಆ ತುಂಡನ್ನು ಬೆಳಕಿಗೆ ಹಿಡಿದು, ನರ್ಸರಿಯಮ್ಮನಿಗೆ ತೋರಿಸುವ ತಮ್ಮ ಕಣ್ಣಿಗೆ ಕಟ್ಟಿದ.

“ಮಾವನ ಮ್ಯಾಗ್ನೆಟ್ ಇದ್ದಿದ್ರೆ ಒಂದು ನಿಮಿಷದ ಕೆಲಸ,” ಎಂದಳು.

ಅಪ್ಪನ ವರ್ಕ್‌ಶಾಪ್ ಪಾಲಾದಾಗ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸು ಅಣ್ಣನಿಗೆ ಬಂದಿತ್ತು, ಉದ್ದ ಕೋಲಿನ ಮ್ಯಾಗ್ನೆಟ್ ತಮ್ಮನಿಗೆ. ಅಂದಿನಿಂದ ಅಣ್ಣ ಆ ರಸ್ತೆ ದಾಟಿರಲಿಲ್ಲ. ಈಗ ದಾಟಿದ, ಪಾದದಲ್ಲಿ ಮುಳ್ಳಿದ್ದವನ ಹಾಗೆ.

“ಬಾ ಅಣ್ಣಾ,” ಎಂದ ತಮ್ಮ, ಕುರ್ಚಿಯ ಮೇಲಿದ್ದ ಟೈರು ಎತ್ತಿಟ್ಟು.

“ಕೂರೋಕೆ ಬಂದಿಲ್ಲ. ಮ್ಯಾಗ್ನೆಟ್ ಬೇಕಿತ್ತು. ವಾಷರ್ ಬಿದ್ದಿದೆ.”

“ವಾಷರ್ರಾ?”

“ಯಾಕೆ, ನಿನ್ನ ಕೈಯಿಂದ ಯಾವತ್ತೂ ಬಿದ್ದಿಲ್ವಾ?”

ತಮ್ಮ ಮೊಳೆಗೆ ತೂಗುಹಾಕಿದ್ದ ಕೋಲನ್ನು ಇಳಿಸಿದ. ತುದಿಗೆ ಬಟ್ಟೆ ಸುತ್ತಿತ್ತು. ಕೊಡಲು ಚಾಚಿದ ಕೈಯನ್ನು ಏನೋ ನೆನಪಾದವನಂತೆ ಹಿಂದಕ್ಕೆಳೆದುಕೊಂಡ. “ಇರು, ತುದಿ ಒರೆಸಿ ಕೊಡ್ತೀನಿ.”

“ಬೇಡ. ಒರೆಸೋದರಲ್ಲೂ ನೀನೇ ಜಾಣ ಅಂತ ನಿಮ್ಮತ್ತಿಗೆ ಶುರು ಮಾಡ್ತಾಳೆ.” ಕೋಲನ್ನು ಕಿತ್ತುಕೊಂಡು ಹೊರಟೇಬಿಟ್ಟ.

“ಅಣ್ಣಾ, ಒಂದ್ನಿಮಿಷ...” ಎಂದದ್ದು ಬೆನ್ನಿಗೆ ಬಡಿಯಿತು. ತಿರುಗಿ ನೋಡಲಿಲ್ಲ.

ಶೆಡ್ಡಿನಲ್ಲಿ ಹೆಂಡತಿ ಟಾರ್ಚ್ ಹಿಡಿದಳು. ಅವನು ಗೇರ್‌ಬಾಕ್ಸಿನ ಮೇಲೆ ಬಗ್ಗಿ, ಮ್ಯಾಗ್ನೆಟ್ಟಿಗೆ ಸುತ್ತಿದ ಬಟ್ಟೆ ಬಿಚ್ಚಿದ. ಇನ್ನೂ ಒಳಗೆ ಇಳಿಸಿರಲಿಲ್ಲ. ತುದಿಯಲ್ಲಿ ಆಗಲೇ ಒಂದು ತಂತಿಯ ತುಂಡು ಅಂಟಿಕೊಂಡಿತ್ತು. ಎಷ್ಟೋ ಹಿಂದಿನದು, ಎಣ್ಣೆ ಒಣಗಿ ಕಪ್ಪಾಗಿತ್ತು. ಹುರಿ ಬಲಕ್ಕೆ ತಿರುಗಿತ್ತು, ಬಾಲದಲ್ಲಿ ಪುಟ್ಟ ಉಂಗುರ.