ಒಂಬತ್ತನೇ ಮೆಟ್ಟಿಲ ಮೇಲಿನ ತೊಲೆ

"ಸುತ್ತಿ ಬಳಸಿ ಮಾತಾಡಬೇಡಿ. ಒಂಬತ್ತನೇ ಮೆಟ್ಟಿಲ ಮೇಲೆ ಆ ತೊಲೆ ಬಂದದ್ದು ಬೇಕೂಂತಲಾ, ತಪ್ಪಾಗಿಯಾ?" ಎಂದು ನ್ಯಾಯಾಧೀಶರು ಕೇಳಿದಾಗ ಆರ್ಕಿಟೆಕ್ಟ್ ಮಹಾಶಯ ಪೇಚಿಗೆ ಸಿಕ್ಕಿಕೊಂಡ. ಯಾಕೆಂದರೆ ಹಿಂದಿನ ಬೆಂಚಿನಲ್ಲೇ ಅವನ ಅತ್ತೆ ಕೂತಿದ್ದರು.

ಅವನು ಕಟ್ಟಿದ ಮೊದಲ ಮನೆ ಅತ್ತೆಯದೇ. ಮಹಡಿ ಹತ್ತುವಾಗ ಒಂಬತ್ತನೇ ಮೆಟ್ಟಿಲಿಗೆ ಸರಿಯಾಗಿ ತೊಲೆ ಹಣೆಗೆ ಬಡಿಯುತ್ತಿತ್ತು. "ಅದು ತಪ್ಪಲ್ಲ ಅತ್ತೆ, ಕಲೆ" ಎಂದು ಅಳಿಯ ಅವತ್ತೇ ತೇಲಿಸಿಬಿಟ್ಟಿದ್ದ. ಓದಿದ ಹುಡುಗ, ಸುಳ್ಳು ಹೇಳ್ತಾನಾ ಎಂದು ಆ ಪುಣ್ಯಾತ್ಗಿತ್ತಿ ಹಣೆ ಉಜ್ಜಿಕೊಂಡೇ ಯೋಚಿಸಿ ಯೋಚಿಸಿ, ಕೊನೆಗೆ ಅರ್ಥವನ್ನೂ ಕಂಡುಹಿಡಿದಿದ್ದರು. ಮೇಲೇರುವವನು ತಲೆ ತಗ್ಗಿಸಬೇಕಂತೆ! ಆರು ವರ್ಷದಿಂದ ಮನೆಗೆ ಬಂದವರಿಗೆಲ್ಲ ಅದೇ ಪಾಠ. ಬಂದವರೂ ಹಣೆ ಉಜ್ಜಿಕೊಳ್ಳುತ್ತಾ ತಲೆದೂಗುತ್ತಿದ್ದರು.

ಈಗ ಪಕ್ಕದ ಬೀದಿಯ ಕಂಟ್ರಾಕ್ಟರ್ ಆ ತೊಲೆ ಸಮೇತ ಅಂಥದ್ದೇ ಮನೆ ಎಬ್ಬಿಸಿ, 'ವರ್ಷದ ಚೆಂದದ ಮನೆ' ಎಂಬ ಬಹುಮಾನವನ್ನೂ ಹೊಡೆದಿದ್ದ. ಆರ್ಕಿಟೆಕ್ಟ್‌ಗೆ ಮೈ ಉರಿದುಹೋಯಿತು. ನನ್ನ ನಕ್ಷೆ ಕದ್ದಿದ್ದಾನೆ ಎಂದು ಕೇಸು ಹಾಕಿದ.

"ಕಿಟಕಿ ಮೆಟ್ಟಿಲು ಯಾರಪ್ಪನ ಸ್ವತ್ತು ಸ್ವಾಮಿ? ನನಗೂ ತಲೆ ಇದೆ, ಹೊಳೀತು" ಎಂದು ಕಂಟ್ರಾಕ್ಟರ್ ಎದೆ ಸೆಟೆಸಿ ನಿಂತಿದ್ದ.

ಆರ್ಕಿಟೆಕ್ಟ್‌ನ ವಕೀಲೆ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಚೆಂದ ಇಬ್ಬರಿಗೂ ಹೊಳೀಬಹುದು ಸಾರ್. ಇಂಥ ಎಡವಟ್ಟು ಇಬ್ಬರಿಗೆ ಹೊಳೆಯೋಕೆ ಸಾಧ್ಯಾನೇ ಇಲ್ಲ. ತಪ್ಪು ಅಂತ ಒಪ್ಕೊಳ್ಳಿ, ಗೆದ್ದಂಗೆ. ಕಲೆ ಅಂದ್ರೋ, ಅವನೂ ಕಲಾವಿದ ಆಗ್ತಾನೆ."

ಅವನು ಮೆಲ್ಲಗೆ ಹಿಂತಿರುಗಿ ನೋಡಿದ. ಅತ್ತೆ ಹೆಮ್ಮೆಯಿಂದ ಕಣ್ಣರಳಿಸಿ, "ಹೆದರಬೇಡಪ್ಪ, ಕಲೆ ಅಂತ ಹೇಳು!" ಎಂದು ಕೋರ್ಟಿಗೆಲ್ಲ ಕೇಳುವಂತೆ ಧೈರ್ಯ ತುಂಬಿದರು. ಅಯ್ಯೋ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

"ತಪ್ಪು ಸ್ವಾಮಿ" ಎಂದ, ಕಣ್ಣು ಮುಚ್ಚಿಕೊಂಡು. "ಮೆಟ್ಟಿಲು ಬರೆಯೋವಾಗ ಮೇಲಿನ ತೊಲೆ ಮರೆತೇಹೋಗಿತ್ತು. ಗೋಡೆ ಎದ್ದಮೇಲೆ ಗೊತ್ತಾಯ್ತು."

"ತಪ್ಪಾ?" ಕಂಟ್ರಾಕ್ಟರ್ ಹೌಹಾರಿದ. "ಅಯ್ಯಯ್ಯೋ! ನಾನು ಇದೇ ಹೊಸ ಫ್ಯಾಷನ್ ಅಂದ್ಕೊಂಡು ಇನ್ನೊಂದು ಗೇಣು ಕೆಳಗಿಳಿಸಿದ್ನಲ್ಲಾ!"

ಆಮೇಲೆ ವಾದಕ್ಕೆ ಏನು ಉಳಿದಿತ್ತು? ನ್ಯಾಯಾಧೀಶರು ನಗು ತಡೆಯಲು ಎರಡು ಸಲ ಕೆಮ್ಮಿ, ನಕ್ಷೆ ಇವರದೇ, ಬಹುಮಾನದ ಫಲಕದಲ್ಲಿ ಇವರ ಹೆಸರೇ ಬರಲಿ ಎಂದರು.

ಹೊರಗೆ ವಕೀಲೆ ಕೈ ಕುಲುಕಿದಳು. ಅತ್ತೆ ಮಾತ್ರ ಅವನತ್ತ ನೋಡದೆ ಮೆಟ್ಟಿಲಿಳಿದು ಬೀದಿಗೆ ನಡೆದರು. ಗೆದ್ದ ಖುಷಿಯೆಲ್ಲ ಇಳಿದುಹೋಗಿ ಅಳಿಯ ಹಿಂದೆಯೇ ಓಡಿದ.

"ಕ್ಷಮಿಸಿ ಅತ್ತೆ. ನಾಳೇನೇ ಬಂದು ಆ ತೊಲೆ ತೆಗೆಸಿಬಿಡ್ತೀನಿ."

ಅತ್ತೆ ಗಕ್ಕನೆ ನಿಂತರು.

"ಮುಟ್ಟಿದ್ರೆ ನೋಡು! ತಪ್ಪು ನಿಂದು ಅಂತ ಕೋರ್ಟೇ ಹೇಳಿದೆ, ನೀನೇ ಇಟ್ಕೋ. ಅದಕ್ಕೊಂದು ಅರ್ಥ ಕೊಟ್ಟೋಳು ನಾನು. ನನ್ನ ಒಪ್ಪಿಗೆ ಇಲ್ದೆ ಆ ತೊಲೆ ಒಂದಿಂಚೂ ಅಲ್ಲಾಡಬಾರದು."